ಮೂಗಿನ ಚಕ್ರದ ಮೇಲೆ ಒಂದು ಕಣ್ಣು: ಸರಕು ವಿಮಾನದಲ್ಲಿ ತೂಕ ಹಂಚಿದ ನನ್ನ ಅನುಭವ

ಬೆಂಗಳೂರಿನ ವಿಮಾನ ನಿಲ್ದಾಣ ಇನ್ನೂ ಎಚ್‌ಎಎಲ್‌ನಲ್ಲಿದ್ದ ಕಾಲದಲ್ಲಿ ನಾನು ಸರಕು ವಿಮಾನ ಕಂಪನಿಯೊಂದಕ್ಕೆ ಲೋಡ್ ಪ್ಲಾನರ್ ಆಗಿ ಸೇರಿದೆ. ಯಾವ ಪ್ಯಾಲೆಟ್ (ಸರಕು ಜೋಡಿಸಿ ಬಲೆ ಬಿಗಿದ ಹಲಗೆ) ವಿಮಾನದ ಯಾವ ಸ್ಥಾನದಲ್ಲಿ ಕೂರಬೇಕು, ಒಟ್ಟು ತೂಕ ಎಷ್ಟಾಯಿತು, ಇಡೀ ತೂಕ ಸಮತೋಲಗೊಳ್ಳುವ ಬಿಂದುವಾದ ಗುರುತ್ವ ಕೇಂದ್ರ ಮಿತಿಯೊಳಗೆ ಇದೆಯೇ ಎಂಬುದನ್ನು ಲೆಕ್ಕ ಹಾಕಿ, ಲೋಡ್‌ಶೀಟ್ (ಆ ಲೆಕ್ಕದ ಹಾಳೆ) ಬರೆದು ಕ್ಯಾಪ್ಟನ್ ಸಹಿಗೆ ಒಯ್ಯುವುದು ನನ್ನ ಕೆಲಸವಾಗಿತ್ತು. ಆಗ ನಮ್ಮದು ಬೋಯಿಂಗ್ 737-200. ಪ್ರಯಾಣಿಕರ ಸೀಟುಗಳ ಜಾಗದಲ್ಲಿ ನೆಲಕ್ಕೆ ರೋಲರ್‌ಗಳು, ಬೀಗಗಳು, ಕಾಕ್‌ಪಿಟ್‌ನ ಹಿಂದೆ ಸರಕು ಮುನ್ನುಗ್ಗದಂತೆ ತಡೆಯುವ ಗಟ್ಟಿ ಬಲೆ. ಹೆಚ್ಚೆಂದರೆ ಸುಮಾರು 15 ಟನ್ ಸರಕು.

ರಾತ್ರಿ ಸರಕು ಸೇವೆ ನಮ್ಮ ದೇಶಕ್ಕೆ ಹೊಸದಲ್ಲ. 1949ರಲ್ಲಿಯೇ ದೆಹಲಿ, ಮುಂಬೈ, ಕಲ್ಕತ್ತ, ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಅಂಚೆ ಚೀಲಗಳನ್ನು ಅದಲುಬದಲು ಮಾಡಿಕೊಂಡು ಬೆಳಗಾಗುವುದರೊಳಗೆ ಹಿಂದಿರುಗುತ್ತಿದ್ದವು. ಅಮೆರಿಕದ ಫೆಡರಲ್ ಎಕ್ಸ್‌ಪ್ರೆಸ್ ಮೆಂಫಿಸ್‌ನಲ್ಲಿ ಇದೇ ಕ್ರಮವನ್ನು ಆರಂಭಿಸಿದ್ದು 1973ರಲ್ಲಿ ಎಂಬುದನ್ನು ನೆನೆದರೆ ನನಗೆ ಇಂದಿಗೂ ಹೆಮ್ಮೆಯಾಗುತ್ತದೆ. ನಮ್ಮಲ್ಲಿ ಏರ್ ಕಾರ್ಪೊರೇಷನ್ಸ್ ಕಾಯ್ದೆ 1994ರಲ್ಲಿ ರದ್ದಾದ ಬಳಿಕ ಖಾಸಗಿಯವರಿಗೆ ದಾರಿ ತೆರೆಯಿತು. 1996ರಲ್ಲಿ ಬ್ಲೂ ಡಾರ್ಟ್ ಏವಿಯೇಷನ್ ಎರಡು 737-200 ವಿಮಾನಗಳೊಂದಿಗೆ ಹಾರಾಟ ಶುರುಮಾಡಿತು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2009ರಲ್ಲಿ ಡೆಕ್ಕನ್ 360 ಕಟ್ಟಿದಾಗಲೂ ಕೇಂದ್ರವಾಗಿ ಆರಿಸಿಕೊಂಡದ್ದು ಅದೇ ನಾಗಪುರವನ್ನು. ಆ ಕಂಪನಿ ಹೆಚ್ಚು ವರ್ಷ ನಡೆಯಲಿಲ್ಲವಾದರೂ ನಾಗಪುರದ ಆಯ್ಕೆ ಸರಿಯಾಗಿತ್ತು ಎಂಬುದು ನನ್ನ ಅಭಿಪ್ರಾಯ. ಸರಕು ವಿಮಾನವನ್ನು ಬಳಲಿಸುವುದು ದೂರವಲ್ಲ, ಹೋಗುವಾಗ ತುಂಬಿದ ವಿಮಾನ ಬರುವಾಗ ಅರ್ಧ ಖಾಲಿ ಬರುವುದು. ಎಲ್ಲ ಊರುಗಳ ಸರಕು ನಡುವೆ ಒಂದೆಡೆ ಸೇರಿ ಹಂಚಿಹೋದರೆ ಆ ಖಾಲಿ ಕಡಿಮೆಯಾಗುತ್ತದೆ.

ತರಬೇತಿಯ ಮೊದಲ ದಿನಗಳಲ್ಲೇ ನಮಗೆ ಮಯಾಮಿಯ ಅಪಘಾತದ ಪಾಠ ಹೇಳುತ್ತಿದ್ದರು. 1997ರ ಆಗಸ್ಟ್ 7ರಂದು ಅಲ್ಲಿಂದ ಹೊರಟ ಡಿಸಿ-8 ಸರಕು ವಿಮಾನ ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಬಿದ್ದಿತು. ಸರಕನ್ನು ತಪ್ಪಾಗಿ ತುಂಬಿದ್ದರಿಂದ ಗುರುತ್ವ ಕೇಂದ್ರ ಲೆಕ್ಕಕ್ಕಿಂತ ಹಿಂದಕ್ಕೆ ಸರಿದಿತ್ತು. ಕಾಗದದ ಮೇಲಿನ ವಿಮಾನ ಬೇರೆ, ರನ್‌ವೇ ಮೇಲಿನ ವಿಮಾನ ಬೇರೆಯಾಗಿಬಿಟ್ಟಿತ್ತು. ಆದರೂ ಈ ಪಾಠ ನನಗೆ ನಿಜವಾಗಿ ಅರ್ಥವಾದದ್ದು, ವಿಮಾನ ನಿಲ್ಲಿಸಿ ಸರಕು ತುಂಬುವ ನಮ್ಮದೇ ರ‍್ಯಾಂಪಿನಲ್ಲಿ.

737 ಸರಕು ವಿಮಾನದ ದೊಡ್ಡ ಬಾಗಿಲು ಎಡಭಾಗದಲ್ಲಿ, ಮುಂದುಗಡೆ ಇರುತ್ತದೆ. ಹೀಗಾಗಿ ಮೊದಲು ಒಳಗೆ ಹೋದ ಪ್ಯಾಲೆಟ್ಟನ್ನು ಬಾಲದ ತುದಿಯವರೆಗೆ ತಳ್ಳಲೇಬೇಕು. ಮುಂಭಾಗ ಖಾಲಿಯಿರುವಾಗಲೇ ಹಿಂಭಾಗ ಭಾರವಾಗಿ, ಮೂಗು ಎದ್ದು ಬಾಲ ನೆಲಕ್ಕೆ ಕೂರುವ ಅಪಾಯವಿರುತ್ತದೆ. ಇಳಿಸುವಾಗಲೂ ಅಪಾಯ ಅದೇ, ಏಕೆಂದರೆ ಬಾಗಿಲ ಬಳಿಯ ಪ್ಯಾಲೆಟ್‌ಗಳು ಮೊದಲು ಹೊರಬಂದು ಬಾಲದ ಭಾರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ತುಂಬುವ ಮೊದಲು ವಿಮಾನದ ಹೊಟ್ಟೆಯೊಳಗಿನ ಮುಂದಿನ ಹೋಲ್ಡಿಗೆ (ಸರಕು ಕೋಣೆಗೆ) ಸರಕು ಹಾಕಿಸುತ್ತಿದ್ದೆ. ಇಳಿಸುವಾಗ ಹಿಂದಿನ ಹೋಲ್ಡನ್ನು ಮೊದಲು ಖಾಲಿ ಮಾಡಿಸುತ್ತಿದ್ದೆ. ಬಾಲದ ಕೆಳಗೆ ಊರುಗೋಲು ನಿಲ್ಲಿಸುವುದು ಕಡ್ಡಾಯ, ಆದರೆ ಅದು ಕೊನೆಯ ಆಸರೆ ಮಾತ್ರ.

ಒಂದು ರಾತ್ರಿ ಯಂತ್ರದ ಬಿಡಿಭಾಗಗಳಿದ್ದ ಪ್ಯಾಲೆಟ್ಟನ್ನು ಅದರ ಚೀಟಿಯಲ್ಲಿದ್ದ 900 ಕೆ.ಜಿ. ತೂಕವನ್ನು ನಂಬಿ ಬಾಲದ ಕಡೆಯ ಸ್ಥಾನಕ್ಕೆ ಹಾಕಿದ್ದೆ. ಅದು ಹಿಂದಕ್ಕೆ ಉರುಳುತ್ತಿದ್ದಾಗ, ಮೂಗಿನ ಚಕ್ರದ ಬಳಿ ನಿಂತಿದ್ದ ಹಿರಿಯ ಲೋಡರ್ ಒಬ್ಬರು "ಸಾರ್, ನಿಲ್ಸಿ, ಮೂಗು ಏಳ್ತಾ ಇದೆ" ಎಂದು ಕೂಗಿದರು. ಬಗ್ಗಿ ನೋಡಿದೆ. ಮೂಗಿನ ಚಕ್ರದ ಕಾಲಿನಲ್ಲಿ ಸಾಮಾನ್ಯವಾಗಿ ನಾಲ್ಕು ಬೆರಳಿನಷ್ಟು ಕಾಣುವ ಹೊಳೆಯುವ ಉಕ್ಕಿನ ಭಾಗ ಒಂದು ಗೇಣಿನಷ್ಟು ಹೊರಗೆ ಬಂದಿತ್ತು. ಪ್ಯಾಲೆಟ್ಟನ್ನು ವಾಪಸ್ಸು ತರಿಸಿ ತೂಗಿಸಿದಾಗ 1,640 ಕೆ.ಜಿ. ಬಂದಿತು. ಗೋದಾಮಿನಲ್ಲಿ ಎರಡು ಪ್ಯಾಲೆಟ್‌ಗಳ ಚೀಟಿಗಳು ಅದಲುಬದಲಾಗಿದ್ದವು. ವಿಮಾನ ಐವತ್ತು ನಿಮಿಷ ತಡವಾಯಿತು. ಆ ಲೋಡರ್ ಅವರ ಕಣ್ಣಿಗೆ ನಾನು ಈಗಲೂ ಋಣಿ.

ಮರುದಿನದಿಂದ ನನ್ನ ಪಾಳಿಯಲ್ಲಿ ಕ್ರಮ ಬದಲಾಯಿಸಿದೆ. ಬಿಡಿಬಿಡಿ ಪೆಟ್ಟಿಗೆಗಳ ತೂಕ ಕೂಡುವುದನ್ನು ಬಿಟ್ಟು, ಬಲೆ ಬಿಗಿದು ಮುಗಿದ ಇಡೀ ಪ್ಯಾಲೆಟ್ಟನ್ನು ತೂಗಿಸತೊಡಗಿದೆ. ಖಾಲಿ ಹಲಗೆ ಮತ್ತು ಬಲೆಯೇ ಸುಮಾರು 100 ಕೆ.ಜಿ. ತೂಗುವುದರಿಂದ ಅದನ್ನು ಮರೆತರೂ ಲೆಕ್ಕ ಕೆಡುತ್ತದೆ. ತೂಕವನ್ನು ದಪ್ಪ ಮಾರ್ಕರ್‌ನಲ್ಲಿ ಬರೆಯಿಸಿ, ಬಾಗಿಲ ಬಳಿ ಒಬ್ಬರು ಅದನ್ನು ಗಟ್ಟಿಯಾಗಿ ಓದಿದ ಮೇಲೆ, ನನ್ನ ಹಾಳೆಯಲ್ಲಿರುವ ಅಂಕಿಗೆ ಹೊಂದಿದರೆ ಮಾತ್ರ ಒಳಗೆ ಬಿಡುತ್ತಿದ್ದೆ. ಒಳಗೆ ಹೋದ ಪ್ರತಿ ಪ್ಯಾಲೆಟ್ಟಿನ ಬೀಗಗಳನ್ನು ಕೈಯಿಂದ ಅಲುಗಾಡಿಸಿ ನೋಡುತ್ತಿದ್ದೆ.

2008ರ ಮೇ 24ರಂದು ನಿಲ್ದಾಣ ದೇವನಹಳ್ಳಿಗೆ ಹೋದಾಗ ನಮ್ಮ ಹೆಚ್ಚಿನ ಚಿಂತೆ ರಸ್ತೆಯದಾಗಿತ್ತು. ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಗಳ ಲಾರಿಗಳು ಇಡೀ ನಗರವನ್ನು ದಾಟಿ ಬರಬೇಕಾದ್ದರಿಂದ, ಆ ಭಾಗದ ಗ್ರಾಹಕರಿಂದ ಸಂಜೆ ಸರಕು ಪಡೆಯುವುದನ್ನು ಮೊದಲಿಗಿಂತ ಬೇಗನೆ ನಿಲ್ಲಿಸಬೇಕಾಯಿತು. 2016ರ ಏಪ್ರಿಲ್ 1ರಿಂದ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನಗಳಲ್ಲಿ ಸರಕಾಗಿ ಸಾಗಿಸುವುದು ನಿಷೇಧವಾದ ಮೇಲೆ, ಅವೂ ಸರಕು ವಿಮಾನದ ಪಾಲಿಗೇ ಬಂದವು.

ಹೊಸ ನಿಲ್ದಾಣ ತಂದ ಇನ್ನೊಂದು ಕಷ್ಟ ಡಿಸೆಂಬರ್, ಜನವರಿಯ ಮಂಜು. ನಸುಕಿನಲ್ಲಿ ಬೆಂಗಳೂರಿಗೆ ಬರುವ ವಿಮಾನ ಇಳಿಯಲಾಗದೆ ಚೆನ್ನೈಗೆ ತಿರುಗಬೇಕಾದೀತೆಂದು ಅದು ಹೊರಡುವ ಊರಿನಲ್ಲೇ ಹೆಚ್ಚು ಇಂಧನ ಹಾಕಿಸಿಕೊಳ್ಳುತ್ತದೆ. ಇಂಧನ ಹೆಚ್ಚಿದಷ್ಟು ಸರಕು ಕೆಳಗಿಳಿಯಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದ್ದು ಗಾಳಿ ತೆಳುವಾಗಿರುವುದರಿಂದ, ಬೇಸಿಗೆಯ ಸೆಕೆಯಲ್ಲಿ ಇಲ್ಲಿಂದ ಹೊರಡುವ ವಿಮಾನಕ್ಕೂ ಇದೇ ಪಾಡು. ಯಾವುದನ್ನು ಇಳಿಸಬೇಕೆಂದು ಕ್ಯಾಪ್ಟನ್ ಹೇಳುವುದಿಲ್ಲ, ಎಷ್ಟು ಕಿಲೋ ಎಂದಷ್ಟೇ ಹೇಳುತ್ತಾರೆ. ನಾನು ಔಷಧವನ್ನೂ ಆಸ್ಪತ್ರೆಯ ಸಾಮಗ್ರಿಯನ್ನೂ ಮುಟ್ಟುತ್ತಿರಲಿಲ್ಲ. ಬಟ್ಟೆ, ಬಿಡಿಭಾಗಗಳ ಪ್ಯಾಲೆಟ್ ಇಳಿಸಿ, ಟ್ರಿಮ್‌ಶೀಟನ್ನು (ಸಮತೋಲದ ಲೆಕ್ಕದ ಹಾಳೆಯನ್ನು) ಮೊದಲಿನಿಂದ ಹೊಸದಾಗಿ ಬರೆದು, ಆ ಸರಕು ಬೆಳಗ್ಗೆ ತಲುಪುವುದಿಲ್ಲವೆಂದು ಸಂಬಂಧಪಟ್ಟ ಶಾಖೆಗೆ ರಾತ್ರಿಯೇ ಫೋನ್ ಮಾಡಿ ತಿಳಿಸುತ್ತಿದ್ದೆ. ನಿದ್ದೆಗಣ್ಣಿನಲ್ಲಿ ಬೈದವರೂ ಇದ್ದರು. ಆದರೂ ಆ ಫೋನನ್ನು ನಾನು ಬೇರೆಯವರ ಕೈಗೆ ಕೊಡಲಿಲ್ಲ, ಏಕೆಂದರೆ ಇಳಿಸಿದವನು ನಾನು.