ಒಗಟಿನ ಪುಟದಲ್ಲಿ ಉತ್ತರ ಮುಚ್ಚಿಟ್ಟ ಬಗೆ: ನನ್ನ ಅನುಭವ

ಒಗಟು ಅಂದಮೇಲೆ ಉತ್ತರ ಮೊದಲೇ ಕಣ್ಣಿಗೆ ಬೀಳಬಾರದು. ಬೇಕು ಅನ್ನಿಸಿದಾಗ ಥಟ್ಟನೆ ಸಿಗಲೂ ಬೇಕು. ಊರಿನ ಹಿರಿಯರಿಂದ ಕೇಳಿ ಬರೆದಿಟ್ಟುಕೊಂಡಿದ್ದ ಒಗಟುಗಳನ್ನು ವೆಬ್ ಪುಟಕ್ಕೆ ಹಾಕಲು ಕೂತಾಗ ನನಗೆ ಬೇಕಿದ್ದದ್ದು ಇಷ್ಟೇ: ಒಗಟಿನ ಮೇಲೆ ಒತ್ತಿದರೆ ಉತ್ತರ ಬಿಚ್ಚಿಕೊಳ್ಳಬೇಕು, ಮತ್ತೆ ಒತ್ತಿದರೆ ಮುಚ್ಚಿಕೊಳ್ಳಬೇಕು.

ಇದಕ್ಕೆ ಎಲ್ಲರೂ ಮಾಡುವುದು ಗೊತ್ತಲ್ಲ, ಒಂದು ಡಿವ್ (ಪುಟದಲ್ಲೊಂದು ಖಾಲಿ ಪೆಟ್ಟಿಗೆ) ಇಟ್ಟು, ಒತ್ತಿದಾಗ ಏನಾಗಬೇಕು ಅಂತ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆದು ಅಂಟಿಸುವುದು. ನಾನು ಆ ದಾರಿಗೆ ಹೋಗಲಿಲ್ಲ. ವೆಬ್ ಪುಟ ಬರೆಯುವ ಎಚ್‌ಟಿಎಮ್‌ಎಲ್‌ನಲ್ಲೇ ಡಿಟೇಲ್ಸ್ ಅನ್ನುವ ಟ್ಯಾಗ್ ಇದೆ. ಅದರೊಳಗೆ ಮೊದಲು ಸಮ್ಮರಿ ಟ್ಯಾಗ್ ಬರೆದು ಅಲ್ಲಿ ಒಗಟು ಹಾಕಬೇಕು. ಅದರ ಕೆಳಗೆ ಉತ್ತರ. ಅಷ್ಟೇ. ಎಡಕ್ಕೊಂದು ಪುಟ್ಟ ತ್ರಿಕೋನ ಬರುತ್ತದೆ, ಒತ್ತಿದರೆ ಉತ್ತರ ಬಿಚ್ಚಿಕೊಳ್ಳುತ್ತದೆ. ಒಂದು ಸಾಲು ಸ್ಕ್ರಿಪ್ಟ್ ಬೇಡ. ಹಳ್ಳಿಯಲ್ಲಿ ನೆಟ್‌ವರ್ಕ್ ಕೈಕೊಟ್ಟು ಸ್ಕ್ರಿಪ್ಟ್ ಫೈಲ್ ಅರ್ಧಕ್ಕೇ ನಿಂತರೂ ಉತ್ತರ ಸಿಗುತ್ತದೆ. ಕ್ರೋಮ್‌ಗೆ ಇದು 2011ರಲ್ಲೇ ಬಂತು, ಫೈರ್‌ಫಾಕ್ಸ್‌ಗೆ 2016ರಲ್ಲಿ, ಎಡ್ಜ್‌ಗೆ 2020ರಲ್ಲಿ. ಈಗ ಜನರ ಕೈಯಲ್ಲಿರುವ ಫೋನುಗಳಲ್ಲಿ ಇದು ನಡೆಯುತ್ತದೋ ಇಲ್ಲವೋ ಅಂತ ಯೋಚನೆ ಮಾಡಬೇಕಿಲ್ಲ.

ಸಮ್ಮರಿಯಲ್ಲಿ ಏನು ಬರೆಯಬೇಕು ಅನ್ನುವುದರಲ್ಲೇ ಒಂದು ತೀರ್ಮಾನವಿದೆ. ಒಗಟನ್ನು ಮೇಲೆ ಬರೆದು, ಸಮ್ಮರಿಯಲ್ಲಿ ಬರೀ ‘ಉತ್ತರ ನೋಡಿ’ ಅಂತ ಹಾಕಬಹುದಿತ್ತು. ನೋಡಲು ಅದೂ ಚೆನ್ನಾಗಿಯೇ ಇರುತ್ತದೆ. ಆದರೆ ಕಣ್ಣು ಕಾಣದೆ, ಟ್ಯಾಬ್ ಕೀಲಿ ಒತ್ತುತ್ತಾ ಪುಟ ಕೇಳಿಸಿಕೊಳ್ಳುವವರಿಗೆ ‘ಉತ್ತರ ನೋಡಿ, ಉತ್ತರ ನೋಡಿ’ ಅನ್ನುವುದೇ ಉದ್ದಕ್ಕೂ ಕೇಳುತ್ತದೆ. ಯಾವುದರ ಉತ್ತರ ಅಂತ ತಿಳಿಯುವುದೇ ಇಲ್ಲ. ಅದಕ್ಕೇ ‘ಕಾಸಿನ ಕುದುರೆಗೆ ಬಾಲದ ಲಗಾಮು’ ಅನ್ನುವ ಒಗಟೇ ಸಮ್ಮರಿಗೆ ಹೋಯಿತು. ‘ಸೂಜಿ ದಾರ’ ಒಳಗೆ ಕೂತಿತು.

ಇದು ಮುಖ್ಯ ಅಂತ ನನಗೆ ಮನದಟ್ಟಾದದ್ದು ಗೆಳೆಯನೊಬ್ಬನ ಜೊತೆ ಕೂತು ನೋಡಿದ ಮೇಲೆ. ಅವನಿಗೆ ಕಣ್ಣು ಕಾಣಿಸುವುದಿಲ್ಲ. ಎನ್‌ವಿಡಿಎ ಅನ್ನುವ ಉಚಿತ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ, ಬಳಸುತ್ತಾನೆ. ಅವನ ಕಂಪ್ಯೂಟರಿನಲ್ಲಿ ಎರಡು ಬಗೆಯ ಪುಟಗಳನ್ನು ಹೋಲಿಸಿದೆವು. ಒಂದು ನನ್ನದು. ಇನ್ನೊಂದು ಡಿವ್ ಇಟ್ಟು, ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಉತ್ತರದ ಎತ್ತರವನ್ನು ಸೊನ್ನೆ ಮಾಡಿ ಮುಚ್ಚಿದ್ದು. ಎರಡನೆಯದನ್ನು ಓದಿಸುತ್ತಿದ್ದ ಹಾಗೇ ಅವನು, “ಇದೇನೋ ಮಾರಾಯ, ಒಗಟು ಹೇಳಿದ ಉಸಿರಲ್ಲೇ ಉತ್ತರಾನೂ ಹೇಳ್ತಿದೆ!” ಅಂದ. ನಿಜ ಅಲ್ವಾ? ಎತ್ತರ ಸೊನ್ನೆ ಮಾಡಿದರೆ ಮುಚ್ಚುವುದು ಕಣ್ಣಿಗೆ ಮಾತ್ರ. ಸ್ಕ್ರೀನ್ ರೀಡರಿನ ಪಾಲಿಗೆ ಅದು ತೆರೆದೇ ಇರುತ್ತದೆ. ಅಪಾರದರ್ಶಕತೆ (ಒಪಾಸಿಟಿ) ಸೊನ್ನೆ ಮಾಡಿ ಅಕ್ಷರ ಕಾಣದ ಹಾಗೆ ಮಾಡಿದರೂ ಅದೇ ಕಥೆ. ಮುಚ್ಚಿದ ಡಿಟೇಲ್ಸ್ ಆದರೆ ಕಣ್ಣಿಗೂ ಕಿವಿಗೂ ಒಟ್ಟಿಗೇ ಮುಚ್ಚುತ್ತದೆ. ಈಗ ಮುಚ್ಚಿದೆ, ಈಗ ತೆರೆದಿದೆ ಅಂತ ಬ್ರೌಸರೇ ಸ್ಕ್ರೀನ್ ರೀಡರಿಗೆ ತಿಳಿಸುತ್ತದೆ. ಎಂಟರ್ ಅಥವಾ ಸ್ಪೇಸ್ ಕೀಲಿ ಒತ್ತಿದರೂ ತೆರೆಯುತ್ತದೆ. ಬರೀ ಡಿವ್ ಆದರೆ ಟ್ಯಾಬ್ ಅಲ್ಲಿ ನಿಲ್ಲುವುದೇ ಇಲ್ಲ. ಜೊತೆಗೆ, ಪುಟದ ಭಾಷೆ ಕನ್ನಡ ಅಂತ ಎಚ್‌ಟಿಎಮ್‌ಎಲ್ ಟ್ಯಾಗಿನಲ್ಲೇ ಬರೆದಿಡಬೇಕು. ಕನ್ನಡದ ದನಿಗೆ ತಾನಾಗಿ ಬದಲಾಗಲು ಸ್ಕ್ರೀನ್ ರೀಡರಿಗೆ ಅದೇ ಸುಳಿವು.

ಇನ್ನು ಚೆಂದ ಮಾಡುವ ಕೆಲಸ. ಉತ್ತರ ನಿಧಾನವಾಗಿ ಜಾರಿ ಬರಲಿ ಅಂತ ಆಸೆ ಇತ್ತು. ಹಳೆಯ ಉಪಾಯ ಅಂದರೆ ಮ್ಯಾಕ್ಸ್-ಹೈಟ್‌ಗೆ (ಪೆಟ್ಟಿಗೆಯ ಗರಿಷ್ಠ ಎತ್ತರಕ್ಕೆ) ಒಂದು ಅಂಕಿ ಕೊಟ್ಟು, ಅದಕ್ಕಿಂತ ಜಾಸ್ತಿ ಆದದ್ದನ್ನು ಓವರ್‌ಫ್ಲೋ ಹಿಡನ್ ಅಂತ ಬರೆದು ಮರೆಮಾಡುವುದು. ಕನ್ನಡದಲ್ಲಿ ಇದು ಎರಡು ಕಡೆ ಕಾಡುತ್ತದೆ. ವಯಸ್ಸಾದವರು ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ. ಆಗ ಉದ್ದದ ಉತ್ತರದ ಕೊನೆಯ ಸಾಲುಗಳು ಮಾಯ. ಇನ್ನೊಂದು ಒತ್ತಕ್ಷರದ ಪಾಡು. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಅನ್ನುವುದಕ್ಕೆ ಉತ್ತರ ಮಲ್ಲಿಗೆ. ಸಾಲಿನ ಎತ್ತರ 1.2 ಇದ್ದರೆ ಇಂಗ್ಲಿಷಿಗೆ ಸಾಕು. ಕನ್ನಡದಲ್ಲಿ ಲ ಒತ್ತು ಪೆಟ್ಟಿಗೆಯಿಂದ ಕೆಳಗೆ ಇಳಿಯುತ್ತದೆ, ಓವರ್‌ಫ್ಲೋ ಹಿಡನ್ ಅದನ್ನು ಕತ್ತರಿಸುತ್ತದೆ. ಪರದೆಯ ಮೇಲೆ ‘ಮಲಿಗೆ’ ಅಂತ ಕಾಣುತ್ತದೆ. ನಾನು ಸಾಲಿನ ಎತ್ತರ (ಲೈನ್-ಹೈಟ್) 1.7 ಕೊಟ್ಟೆ, ಉತ್ತರದ ಕೆಳಗೆ ಸ್ವಲ್ಪ ಖಾಲಿ ಜಾಗ (ಪ್ಯಾಡಿಂಗ್) ಬಿಟ್ಟೆ. ಒತ್ತು ಪೂರ್ತಿ ಕಾಣಿಸಿತು. ಕನ್ನಡದ ಪುಟ ಮಾಡುವವರು ಮೊದಲು ನೋಡಬೇಕಾದದ್ದು ಇದನ್ನೇ.

ಜಾರುವ ಚಲನೆಗೆ ಈಗ ಒಳ್ಳೆಯ ದಾರಿ ಇದೆ. 2024ರಲ್ಲಿ ಕ್ರೋಮ್‌ನ 129ನೇ ಆವೃತ್ತಿಗೆ ಇಂಟರ್‌ಪೊಲೇಟ್-ಸೈಜ್ ಅನ್ನುವ ಸಿಎಸ್‌ಎಸ್ ಸೌಲಭ್ಯ ಬಂತು. 131ಕ್ಕೆ ಡಿಟೇಲ್ಸ್‌ನ ಒಳಗಿನ ಭಾಗವನ್ನಷ್ಟೇ ಹಿಡಿಯುವ ಡಿಟೇಲ್ಸ್-ಕಂಟೆಂಟ್ ಅನ್ನುವ ಸೆಲೆಕ್ಟರ್ ಬಂತು. ಇವೆರಡೂ ಸೇರಿದರೆ ಮ್ಯಾಕ್ಸ್-ಹೈಟಿನ ಹಂಗಿಲ್ಲ. ‘ಆಟೋ’ ಎತ್ತರಕ್ಕೇ, ಅಂದರೆ ಉತ್ತರ ಎಷ್ಟಿದೆಯೋ ಅಷ್ಟಕ್ಕೇ, ಚಲನೆ ಕೊಡಬಹುದು. ಇವು ಇಲ್ಲದ ಬ್ರೌಸರಿನಲ್ಲಿ ಉತ್ತರ ಒಂದೇ ಸಲಕ್ಕೆ ತೆರೆಯುತ್ತದೆ, ಕೆಡುವುದೇನೂ ಇಲ್ಲ. ಪರದೆಯ ಮೇಲೆ ಓಡಾಟ ಬೇಡ ಅಂತ ಫೋನಿನಲ್ಲೇ ಹೇಳಿಟ್ಟವರಿಗೆ ಈ ಚಲನೆ ಹೋಗದ ಹಾಗೆ ಮೀಡಿಯಾ ಕ್ವೆರಿಯನ್ನೂ (ಫೋನಿನ ಆಯ್ಕೆ ನೋಡಿ ರೂಪ ಬದಲಿಸುವ ಸಿಎಸ್‌ಎಸ್ ಷರತ್ತು) ಹಾಕಿದೆ. ತ್ರಿಕೋನ ತೆಗೆಯುವುದಾದರೆ, ಸಿಎಸ್‌ಎಸ್‌ನಲ್ಲಿ ಲಿಸ್ಟ್-ಸ್ಟೈಲ್ ‘ನನ್’ (none, ಗುರುತು ಬೇಡ) ಅಂತ ಬರೆದರೂ ಸಾಕಾಗದ ಸಫಾರಿಗಳೂ ಇವೆ, ಅವಕ್ಕೆ ಸಫಾರಿಯ ಎಂಜಿನ್ ಆದ ವೆಬ್‌ಕಿಟ್‌ನ ಮಾರ್ಕರ್ ಬೇರೆಯಾಗಿ ಮರೆಮಾಡಬೇಕು. ನಾನು ತ್ರಿಕೋನ ತೆಗೆಯಲೇ ಇಲ್ಲ. ಇಲ್ಲಿ ಒತ್ತಬಹುದು ಅಂತ ಹೇಳಲು ಅದಕ್ಕಿಂತ ಒಳ್ಳೆಯ ಗುರುತು ನನಗೆ ಸಿಗಲಿಲ್ಲ.

ಒಂದು ತೆರೆದರೆ ಉಳಿದವು ಮುಚ್ಚಬೇಕೇ? ಅದಕ್ಕೂ ಈಗ ಸ್ಕ್ರಿಪ್ಟ್ ಬೇಡ. ಎಲ್ಲ ಡಿಟೇಲ್ಸ್ ಟ್ಯಾಗಿಗೂ ನೇಮ್ ಅನ್ನುವಲ್ಲಿ ಒಂದೇ ಹೆಸರು ಕೊಟ್ಟರೆ ಆಯಿತು. ಕ್ರೋಮ್ ಮತ್ತು ಸಫಾರಿಗೆ 2023ರ ಕೊನೆಗೆ, ಫೈರ್‌ಫಾಕ್ಸ್‌ಗೆ 2024ರಲ್ಲಿ ಬಂತು. ನಾನು ಅದನ್ನು ಹಾಕಿ ನೋಡಿ ತೆಗೆದೆ. ಮೇಲಿದ್ದ ಉದ್ದದ ಉತ್ತರ ಮುಚ್ಚಿದಾಗ, ಓದಬೇಕು ಅಂತ ಒತ್ತಿದ ಒಗಟೇ ಪರದೆಯಿಂದ ಮೇಲಕ್ಕೆ ಸರಿದು ಹೋಗಬಹುದು. ಓದುವವರು ತೆರೆದದ್ದನ್ನು ಅವರೇ ಮುಚ್ಚಲಿ ಬಿಡಿ.

ಒಂದೊಂದು ಒಗಟಿನ ಕೊಂಡಿಯನ್ನು ವಾಟ್ಸಾಪ್‌ನಲ್ಲಿ ಕಳಿಸುವಂತಿರಬೇಕಿತ್ತು. ಅದಕ್ಕೆ ಐಡಿಯನ್ನು (ಕೊಂಡಿ ಹುಡುಕಿ ಬರುವ ಗುರುತಿನ ಹೆಸರು) ಡಿಟೇಲ್ಸ್ ಟ್ಯಾಗಿಗೇ ಕೊಟ್ಟೆ. ಕೊಂಡಿ ಒತ್ತಿದವರು ನೇರ ಆ ಒಗಟಿಗೆ ಬರುತ್ತಾರೆ, ಉತ್ತರ ಮುಚ್ಚಿಯೇ ಇರುತ್ತದೆ. ಐಡಿ ಉತ್ತರದ ಒಳಗಿದ್ದರೆ ಕ್ರೋಮ್ ತಾನೇ ತೆರೆದು ತೋರಿಸಿಬಿಡುತ್ತದೆ. ಬೇರೆ ಪುಟಕ್ಕೆ ಅದು ಅನುಕೂಲ, ಒಗಟಿಗೆ ಬೇಡ.

ಕೊನೆಗೆ ಅಕ್ಕನ ಫೋನ್ ಬಂತು. ಅವಳು ಪ್ರೈಮರಿ ಶಾಲೆಯ ಟೀಚರ್. “ಪ್ರಿಂಟ್ ತೆಗೆದ್ರೆ ಉತ್ತರಾನೇ ಬರ್ತಿಲ್ಲ ಕಣೋ” ಅಂದಳು. ಮುಚ್ಚಿದ್ದು ಕಾಗದದ ಮೇಲೂ ಮುಚ್ಚಿಯೇ ಇರುತ್ತದೆ. ಈ ಒಂದು ಕೆಲಸಕ್ಕೆ ಮಾತ್ರ ಜಾವಾಸ್ಕ್ರಿಪ್ಟ್ ಬರೆದೆ. ಪ್ರಿಂಟ್ ಶುರುವಾಗುವ ಮುಂಚೆ ಬ್ರೌಸರಿನಿಂದ ಬಿಫೋರ್‌ಪ್ರಿಂಟ್ ಅನ್ನುವ ಇವೆಂಟ್ (ಸೂಚನೆ) ಬರುತ್ತದೆ, ಮುಗಿದ ಮೇಲೆ ಆಫ್ಟರ್‌ಪ್ರಿಂಟ್. ಆಗ ಯಾವ್ಯಾವುದು ಮುಚ್ಚಿದೆ ಅಂತ ಗುರುತಿಟ್ಟುಕೊಂಡು ಎಲ್ಲವನ್ನೂ ತೆರೆಯುವುದು, ಆಫ್ಟರ್‌ಪ್ರಿಂಟ್ ಬಂದಾಗ ಆ ಗುರುತಿನವನ್ನು ಮುಚ್ಚುವುದು. ಮಕ್ಕಳಿಗೆ ಹಂಚಲು ಬರೀ ಒಗಟೂ ಬೇಕು ಅಂದಳು. ಅದಕ್ಕೆ ಪುಟದ ಮೇಲೆ ‘ಉತ್ತರದ ಸಮೇತ ಪ್ರಿಂಟ್’ ಅಂತ ಒಂದು ಚೆಕ್‌ಬಾಕ್ಸ್ ಇಟ್ಟೆ. ಗುರುತು ಹಾಕಿದ್ದರೆ ಮಾತ್ರ ಸ್ಕ್ರಿಪ್ಟ್ ಓಡುತ್ತದೆ. ಇಲ್ಲದಿದ್ದರೆ ಮುಚ್ಚಿದ ಒಗಟುಗಳು ಹಾಗೇ ಅಚ್ಚಾಗುತ್ತವೆ.