ಒಂದೇ ಕಾಡು, ಎರಡು ಬಲೆ: ನೀಲಿ ಚಿಟ್ಟೆ ಮತ್ತು ಸಗಣಿ ಹುಳು

ಮಧ್ಯ ಅಮೆರಿಕದ ಮಳೆಕಾಡಿನ ಸಮೀಕ್ಷೆಗೆ ನಾನು ಹೋಗಿದ್ದೇ ನೀಲಿ ಮಾರ್ಫೋ ಚಿಟ್ಟೆಯ ಆಸೆಗೆ. ಜೊತೆಗೆ ಸಗಣಿ ಹುಳುವನ್ನೂ ಎಣಿಸಬೇಕು ಅಂದಾಗ ಮುಖ ಸಿಂಡರಿಸಿದ್ದೆ, ಸುಳ್ಳು ಯಾಕೆ ಹೇಳಲಿ.

ಚಿಟ್ಟೆಗೆ ಉದ್ದನೆಯ ಬಲೆ ಚೀಲ ತೂಗುಹಾಕಿ, ಕೆಳಗಿನ ತಟ್ಟೆಯಲ್ಲಿ ಕೊಳೆತ ಬಾಳೆಹಣ್ಣು ಇಟ್ಟೆ. ರಸ ಹೀರಿದ ಚಿಟ್ಟೆ ಮೇಲಕ್ಕೇ ಹಾರುತ್ತದೆ, ಕೆಳಗಿನ ಸಂದಿ ಅದಕ್ಕೆ ಹೊಳೆಯುವುದೇ ಇಲ್ಲ. ಹುಳುವಿಗೆ ನೆಲದಲ್ಲಿ ಲೋಟ ಹೂತು, ಅದರ ಮೇಲೆ ಮಲವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಟ್ಟೆ. ಮನುಷ್ಯರದ್ದೇ, ಅದಕ್ಕೆ ಹುಳುಗಳು ಚೆನ್ನಾಗಿ ಬರುತ್ತವೆ. ಎಲ್ಲಿಂದ ತಂದೆ ಅಂತ ಮಾತ್ರ ಕೇಳಬೇಡಿ. ಮೊದಲ ದಿನ ಒಂದೂ ಬೀಳಲಿಲ್ಲ. ಬಗ್ಗಿ ನೋಡಿದರೆ ಲೋಟದ ಬಾಯಿ ನೆಲಕ್ಕಿಂತ ಅರ್ಧ ಬೆರಳು ಮೇಲಿತ್ತು, ಹುಳುಗಳು ಅಂಚಿನ ತನಕ ಬಂದು ಸುತ್ತು ಹಾಕಿ ಹೋಗುತ್ತಿದ್ದವು. ಮಣ್ಣು ಸಮ ಮಾಡಿದೆ, ಮರುದಿನ ಲೋಟದೊಳಗೆ ಒಂದೇ ಸಮನೆ ಪರಚುವ ಸದ್ದು.

ಮೂರನೇ ದಿನ ಆ ಮಲದ ಗಂಟಿನ ಮೇಲೆ ಕೂತು ಸೊಂಡಿಲು ಚುಚ್ಚುತ್ತಿದ್ದವರು ಯಾರು ಗೊತ್ತಾ? ನನ್ನ ಮಾರ್ಫೋ! ರೆಕ್ಕೆ ಮುಚ್ಚಿತ್ತು, ಕಂದು ಬಣ್ಣ, ಮೇಲೆ ಕಣ್ಣಿನಂಥ ಚುಕ್ಕೆಗಳು. ನೀಲಿಯೆಲ್ಲ ಒಳಮೈಯಲ್ಲಿ.

ಆ ನೀಲಿ ಬಣ್ಣವೇ ಅಲ್ಲ. ದಾರಿಯಲ್ಲಿ ಸಿಕ್ಕ ಹರಿದ ರೆಕ್ಕೆಯ ಮೇಲೆ ಒಂದು ಹನಿ ಸ್ಪಿರಿಟ್ ಬಿಟ್ಟೆ. ಹಸಿರಾಯಿತು, ಆರಿದ ಮೇಲೆ ಮತ್ತೆ ನೀಲಿ. ರೆಕ್ಕೆಯ ಹುಡಿಯಲ್ಲಿರುವ ಸೂಕ್ಷ್ಮ ಏಣುಗಳ ಮೇಲೆ ಬೆಳಕು ಆಡುವ ಆಟ ಅದು, ಏಣುಗಳ ನಡುವೆ ಗಾಳಿಯ ಬದಲು ಸ್ಪಿರಿಟ್ ತುಂಬಿದರೆ ಆಟವೇ ಬದಲು. ಲೋಟಕ್ಕೆ ಕೊಂಬಿನ ಸಗಣಿ ಹುಳುವೊಂದೂ ಬಿದ್ದಿತ್ತು, ತಾಮ್ರದ ಹಾಗೆ, ಹಸಿರಾಗಿ ಹೊಳೆಯುತ್ತಿತ್ತು, ಅದೂ ಚಿಪ್ಪಿನ ಪದರಗಳಿಂದ ಬರುವ ಹೊಳಪೇ.

ವ್ಯತ್ಯಾಸ ಜಾಸ್ತಿ ಇರುವುದು ಮಕ್ಕಳ ವಿಷಯದಲ್ಲಿ. ಚಿಟ್ಟೆ ಎಲೆಗೆ ಮೊಟ್ಟೆ ಅಂಟಿಸಿ ಹೊರಟುಬಿಡುತ್ತದೆ. ಬಿಲ ತೋಡುವ ಸಗಣಿ ಹುಳು ಸಗಣಿಯನ್ನು ಮಣ್ಣಿನೊಳಗೆ ಸಾಗಿಸಿ, ಉಂಡೆ ಕಟ್ಟಿ, ಉಂಡೆಗೊಂದೇ ಮೊಟ್ಟೆ ಇಡುತ್ತದೆ. ಅಂಥ ಒಂದು ಉಂಡೆಯನ್ನು ಅಗೆದು ತೆಗೆದು ಚಾಕುವಿನ ತುದಿಯಿಂದ ಸ್ವಲ್ಪ ಒಡೆದೆ. ಒಳಗೆ ಬಾಗಿ ಮಲಗಿದ್ದ ಬಿಳಿ ಮರಿ ಸುಮ್ನೆ ತಿರುಗಿ, ತನ್ನದೇ ಹಿಕ್ಕೆಯಿಂದ ಆ ಬಿರುಕನ್ನು ಮೆತ್ತತೊಡಗಿತು.