ಎಂಟಕ್ಕೆ ಯಾವ ಹೈಸ್ಕೂಲು? ಫಲಿತಾಂಶದ ಬ್ಯಾನರ್ ಬದಿಗಿಟ್ಟು ನಾವು ನೋಡಿದ್ದು

ಮೇ ತಿಂಗಳಲ್ಲಿ ಮಂಗಳೂರಿನಿಂದ ಬೈಂದೂರಿನವರೆಗೆ ಯಾವ ಶಾಲೆಯ ಗೇಟು ನೋಡಿದರೂ ಎಸ್ಸೆಸ್ಸೆಲ್ಸಿ ಫಲಿತಾಂಶದ ಬ್ಯಾನರ್. ಶೇ 100, ಶೇ 97, ಶೇ 94. ಸರ್ಕಾರಿ ಅಥವಾ ಅನುದಾನಿತ ಹೈಸ್ಕೂಲು ಹುಡುಕುವವರು ಮೊದಲು ಹಿಡಿಯುವುದು ಇದೇ ಅಂಕಿ. ನಮ್ಮ ಎರಡು ಜಿಲ್ಲೆಗಳ ಮಟ್ಟಿಗೆ ಅಷ್ಟು ಪ್ರಯೋಜನಕ್ಕೆ ಬಾರದ ಅಂಕಿಯೂ ಇದೇ. 2024ರಲ್ಲಿ ಉಡುಪಿ ಶೇ 94, ದಕ್ಷಿಣ ಕನ್ನಡ ಶೇ 92.12, 2025ರಲ್ಲಿ ದಕ್ಷಿಣ ಕನ್ನಡ ಶೇ 91.12, ಉಡುಪಿ ಶೇ 89.96. ಇಡೀ ಜಿಲ್ಲೆಯೇ ತೊಂಬತ್ತರ ಆಸುಪಾಸಿನಲ್ಲಿರುವಾಗ ಒಂದು ಶಾಲೆಗೆ ತೊಂಬತ್ತೈದು ಬಂದರೆ ಅದರಿಂದ ತಿಳಿಯುವುದು ಕಡಿಮೆ.

ಹಳೆಯ ವರ್ಷಗಳನ್ನು ಇದಕ್ಕೆ ಸೇರಿಸಿದರೆ ಲೆಕ್ಕ ಮತ್ತಷ್ಟು ಕೆಡುತ್ತದೆ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ಕಣ್ಗಾವಲು, ಬಂದದ್ದು 2024ರಲ್ಲಿ. ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. 2023ರಲ್ಲಿ ಪಟ್ಟಿಯ ನಡುಭಾಗದಲ್ಲಿದ್ದ ನಮ್ಮ ಜಿಲ್ಲೆಗಳು ಮರುವರ್ಷವೇ ಮೇಲೆ ಬಂದುವು. ಹಾಗಾಗಿ 2023 ಮತ್ತು ಅದಕ್ಕೆ ಹಿಂದಿನ ಶೇಕಡಾವಾರು ಬೇಡವೇ ಬೇಡ. 2024ರಲ್ಲಿ ಪಾಸಾದವರ ಸಂಖ್ಯೆಯೊಳಗೆ ಕೃಪಾಂಕ ಸೇರಿದೆ. ಆ ವರ್ಷಕ್ಕೆ ಪ್ರಥಮ ದರ್ಜೆಯವರ ಸಂಖ್ಯೆ ಹೆಚ್ಚು ನಂಬಿಕೆಯದ್ದು. ಇನ್ನೊಂದು ಎಚ್ಚರಿಕೆ: 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಶಾಲೆ ಹೇಳುವ ಸಂಖ್ಯೆ ಪರೀಕ್ಷೆ-1ರದ್ದೋ, ಎಲ್ಲವೂ ಮುಗಿದ ಮೇಲಿನದ್ದೋ ಎಂದು ಕೇಳಬೇಕು. ಒಂದು ಶಾಲೆಯ ಮೊದಲನೆಯದನ್ನೂ ಇನ್ನೊಂದರ ಕೊನೆಯದನ್ನೂ ಹೋಲಿಸುವ ತಪ್ಪು ಸುಲಭವಾಗಿ ಆಗುತ್ತದೆ.

ನಾವು ಶೇಕಡಾ ಬಿಟ್ಟು ತಲೆ ಎಣಿಸಿದೆವು. ಕೇಳಬೇಕಾದ್ದು ಮೂರೇ ಸಂಖ್ಯೆ: ಮೂರು ವರ್ಷದ ಹಿಂದೆ ಎಂಟನೇ ತರಗತಿಯಲ್ಲಿದ್ದವರು ಎಷ್ಟು, ಅದೇ ತಂಡದಿಂದ ಹತ್ತನೇ ಪರೀಕ್ಷೆಗೆ ಕೂತವರು ಎಷ್ಟು, ಪಾಸಾದವರು ಎಷ್ಟು. ಒಂದು ಉದಾಹರಣೆ. 2022–23ರಲ್ಲಿ ಎಂಟರಲ್ಲಿ 64 ಮಕ್ಕಳಿದ್ದ ಶಾಲೆಯಿಂದ 2025ರಲ್ಲಿ ಪರೀಕ್ಷೆ ಬರೆದವರು 55, ಪಾಸಾದವರೂ 55. ಬ್ಯಾನರ್‌ನಲ್ಲಿ ಶೇ 100. ಸೇರಿದವರ ಲೆಕ್ಕದಲ್ಲಿ ಅದು ಶೇ 85.9. ಪಕ್ಕದ ಶಾಲೆಯಲ್ಲಿ 118 ಸೇರಿ, 117 ಬರೆದು, 106 ಪಾಸಾದರೆ ಬ್ಯಾನರ್‌ಗೆ ಶೇ 90.6, ಸೇರಿದವರ ಲೆಕ್ಕದಲ್ಲಿ ಶೇ 89.8. ಕಲಿಕೆಯಲ್ಲಿ ಹಿಂದಿರುವ ಮಗುವನ್ನು ಕೊನೆಯವರೆಗೆ ಇಟ್ಟುಕೊಳ್ಳುವುದು ಎರಡನೆಯ ಶಾಲೆ.

ಆದರೆ ಕಾಣೆಯಾದ ಒಂಬತ್ತು ಮಕ್ಕಳ ತಪ್ಪೆಲ್ಲ ಶಾಲೆಯದ್ದೇ ಎಂದು ತೀರ್ಮಾನಿಸಬಾರದು. ಮಂಗಳೂರು ಪೇಟೆಯ ಸರ್ಕಾರಿ ಶಾಲೆಗಳಲ್ಲಿ ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಬಹಳ. ಕೆಲಸ ಮುಗಿದಾಗ ಕುಟುಂಬ ಊರಿಗೆ ಹೋಗುತ್ತದೆ, ಮಗುವೂ ಹೋಗುತ್ತದೆ. ವರ್ಗಾವಣೆ ಪತ್ರ ಹೋದದ್ದು ಯಾವಾಗ ಎಂದು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ವರ್ಷದುದ್ದಕ್ಕೂ ಒಬ್ಬಿಬ್ಬರಂತೆ ಹೋಗಿದ್ದರೆ ಅದು ವಲಸೆ. ಒಂಬತ್ತು ಮುಗಿದ ಕೂಡಲೇ ಐದಾರು ಮಕ್ಕಳು ಒಟ್ಟಿಗೆ ಹೋಗಿದ್ದರೆ ಕಾರಣ ಬೇರೆ ಇರಬಹುದು.

ಸಣ್ಣ ಶಾಲೆಗಳಿಗೆ ಒಂದು ವರ್ಷದ ಫಲಿತಾಂಶ ನೋಡುವುದು ಅನ್ಯಾಯ. ಹನ್ನೆರಡು ಮಕ್ಕಳಲ್ಲಿ ಒಬ್ಬ ಫೇಲಾದರೆ 91.7, ಇಬ್ಬರಾದರೆ 83.3. ಅಂಥಲ್ಲಿ ಎರಡು ಮೂರು ವರ್ಷದ ಮಕ್ಕಳನ್ನು ಒಟ್ಟು ಕೂಡಿಸಿಯೇ ಭಾಗಿಸಬೇಕು.

ಪಾಸು-ಫೇಲಿನ ಒಳಗೆ ಇನ್ನೊಂದು ಲೆಕ್ಕವಿದೆ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100, ಒಟ್ಟು 625. ಇದರಲ್ಲಿ ಆಂತರಿಕ ಅಂಕ ಪ್ರಥಮ ಭಾಷೆಗೆ 25, ಬೇರೆಯವಕ್ಕೆ 20. ಗಣಿತದಲ್ಲಿ ಎಲ್ಲರಿಗೂ ಆಂತರಿಕ 20ಕ್ಕೆ 20 ಬಿದ್ದು, ಲಿಖಿತದ 80ರಲ್ಲಿ ನಡುವಿನ ಮಗುವಿಗೆ 28 ಬಂದಿದ್ದರೆ ಒಟ್ಟು 48 ಆಗುತ್ತದೆ, ನೋಡಲು ಪರವಾಗಿಲ್ಲ ಅನಿಸುತ್ತದೆ. ಪಿಯುಸಿ ವಿಜ್ಞಾನಕ್ಕೆ ಹೋದಾಗ ಬಣ್ಣ ಬಯಲಾಗುತ್ತದೆ. ಶಾಲೆಯ ಟಾಪರ್ ಅಂಕ ಕೇಳಿ ಫಲವಿಲ್ಲ. ಅಂಕಪಟ್ಟಿಯನ್ನು ಮೇಲಿನಿಂದ ಕೆಳಗೆ ಜೋಡಿಸಿ ನಟ್ಟನಡುವಿನ ಮಗುವಿನ ಗಣಿತ, ವಿಜ್ಞಾನ, ಇಂಗ್ಲಿಷ್ ಅಂಕ ನೋಡಿ. ಹೆಸರು ಮುಚ್ಚಿ ತೋರಿಸಿ ಎಂದರೆ ಹೆಚ್ಚಿನ ಹೆಡ್‌ಮಾಷ್ಟ್ರು ತೋರಿಸುತ್ತಾರೆ. ತೋರಿಸದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ: ಶುಲ್ಕ 10 ರೂಪಾಯಿ, ಕರ್ನಾಟಕದ ನಿಯಮದಂತೆ 150 ಪದದೊಳಗೆ ಒಂದೇ ವಿಷಯ, ಉತ್ತರಕ್ಕೆ 30 ದಿನ. ನಾಳೆ ಮಗುವನ್ನು ಅಲ್ಲಿಗೇ ಸೇರಿಸುವವರು ಅರ್ಜಿಯಿಂದ ಶುರುಮಾಡುವುದು ಜಾಣತನವಲ್ಲ. ಮೊದಲು ಬಾಯಲ್ಲಿ ಕೇಳಿ.

ಇಷ್ಟಾದ ಮೇಲೆ ಶಾಲೆಗೆ ಹೋಗಬೇಕು, ಅದೂ ಮೇ ಕೊನೆಯ ದಾಖಲಾತಿ ಗದ್ದಲದಲ್ಲಿ ಅಲ್ಲ. ಮಗು ಏಳರಲ್ಲಿರುವಾಗ ಎರಡು ಸಲ: ಜುಲೈಯಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ. ಜುಲೈಯ ಮಳೆಯಲ್ಲಿ ಹೆಂಚು ಎಲ್ಲಿ ಸೋರುತ್ತದೆ, ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ನೀರು ನಿಲ್ಲುತ್ತದೋ, ಮಕ್ಕಳು ಒದ್ದೆ ಕೊಡೆ ಎಲ್ಲಿಡುತ್ತಾರೆ ಎಲ್ಲ ಕಾಣುತ್ತದೆ. ರೆಡ್ ಅಲರ್ಟ್ ರಜೆಗಳನ್ನು ಯಾವ ಶನಿವಾರಗಳಲ್ಲಿ ಸರಿದೂಗಿಸುತ್ತೀರಿ ಎಂದೂ ಕೇಳಿ. ಪಟ್ಟಿ ಇಟ್ಟ ಶಾಲೆಯಲ್ಲಿ ಪಾಠ ಮುಗಿಸುವ ಲೆಕ್ಕವೂ ಇರುತ್ತದೆ. ಜನವರಿಯಲ್ಲಿ ಹೋದರೆ ಹತ್ತರ ಮಕ್ಕಳ ವಿಶೇಷ ತರಗತಿ ಹೇಗೆ ನಡೆಯುತ್ತದೆಂದು ನೋಡಬಹುದು. ಮಧ್ಯಾಹ್ನದ ಊಟದ ಹೊತ್ತು ಒಳ್ಳೆಯದು. ಅಕ್ಷರ ದಾಸೋಹ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತರವರೆಗೂ ಉಂಟು; ಮಾಷ್ಟ್ರುಗಳೂ ಅದೇ ಸಾರು ಉಣ್ಣುತ್ತಾರೋ ನೋಡಿ.

ಕಟ್ಟಡಕ್ಕಿಂತ ಹೆಚ್ಚು ಹೇಳುವ ವಸ್ತು ಸ್ಟಾಫ್ ರೂಮಿನ ಗೋಡೆಯ ವೇಳಾಪಟ್ಟಿ. ಹೈಸ್ಕೂಲಿನಲ್ಲಿ ಗಣಿತ ಮತ್ತು ವಿಜ್ಞಾನಕ್ಕೆ ಎರಡು ಬಗೆಯ ಹುದ್ದೆ, ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರದ್ದು) ಮತ್ತು ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರದ್ದು). ಈ ಎರಡರಲ್ಲೂ ಕಾಯಂ ಶಿಕ್ಷಕರಿದ್ದಾರೋ, ಇಲ್ಲ ಅತಿಥಿ ಶಿಕ್ಷಕರೋ, ಬೇರೆ ಶಾಲೆಯಿಂದ ವಾರಕ್ಕೆ ಎರಡು ದಿನ ನಿಯೋಜನೆ ಮೇಲೆ ಬರುವವರೋ? ಅತಿಥಿ ಶಿಕ್ಷಕರು ಎಂದ ಮಾತ್ರಕ್ಕೆ ಪಾಠ ಕೆಟ್ಟದು ಎಂದಲ್ಲ, ಕೆಲವರದ್ದು ಕಾಯಂನವರಿಗಿಂತ ಚೆನ್ನ. ತೊಂದರೆ ನೇಮಕದ ತಿಂಗಳಿನದ್ದು. ಶಾಲೆ ಶುರುವಾಗಿ ವಾರಗಟ್ಟಲೆ ಕಳೆದ ಮೇಲೆ ಅವರು ಬಂದರೆ ಗಣಿತದ ಮೊದಲ ಅಧ್ಯಾಯಗಳು ಓಡಿಹೋಗುತ್ತವೆ. ‘ಕಳೆದ ವರ್ಷ ಯಾವ ತಿಂಗಳು ಬಂದರು?’ ಎಂಬ ಒಂದು ಪ್ರಶ್ನೆ ಸಾಕು. ಮುಖ್ಯೋಪಾಧ್ಯಾಯರು ಪ್ರಭಾರವೋ ಪೂರ್ಣಾವಧಿಯವರೋ ಎಂದು ಕೇಳಲು ಸಂಕೋಚ ಬೇಡ.

ಅನುದಾನಿತ ಶಾಲೆಗಳದ್ದು ಬೇರೆ ಸಮಸ್ಯೆ. 1880ರ ಸೇಂಟ್ ಅಲೋಶಿಯಸ್, 1891ರ ಕೆನರಾ, ಬಾಸೆಲ್ ಮಿಷನ್‌ನವರು ಕಟ್ಟಿದವು ಎಂದು ಹೆಸರಿನ ಮೇಲೆಯೇ ನಂಬುವ ಅಭ್ಯಾಸ ನಮ್ಮಲ್ಲಿದೆ. ಹೆಸರು ಹಳೆಯದಾದರೂ ಲೆಕ್ಕ ಈ ವರ್ಷದ್ದೇ ಬೇಕು. ನಿವೃತ್ತರಾದವರ ಜಾಗ ತುಂಬಲು ಸರ್ಕಾರದ ಅನುಮತಿ ಬೇಕು. ಬರುವವರೆಗೆ ಆಡಳಿತ ಮಂಡಳಿಯೇ ಸಂಬಳ ಕೊಟ್ಟು ಶಿಕ್ಷಕರನ್ನಿಡುತ್ತದೆ. ಒಂದೇ ಗೇಟಿನೊಳಗೆ ಕನ್ನಡ ಮಾಧ್ಯಮ ಅನುದಾನಿತ, ಇಂಗ್ಲಿಷ್ ಮಾಧ್ಯಮ ಅನುದಾನರಹಿತ ಆಗಿರುವ ಸಂಸ್ಥೆಗಳೂ ಉಂಟು. ಮಗುವಿನ ಹೆಸರು ಯಾವ ವಿಭಾಗದ ದಾಖಲೆಗೆ ಹೋಗುತ್ತದೆಂದು ರಶೀದಿ ಕೈಗೆ ಬರುವ ಮೊದಲೇ ತಿಳಿಯಬೇಕು. ಊಟವಷ್ಟೇ ಅಲ್ಲ, ಎಂಟನೇ ತರಗತಿಯ ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆಯೂ ಇದರ ಮೇಲೆ ನಿಂತಿದೆ. ಪಾಲಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದ, ಸರ್ಕಾರಿ ಅಥವಾ ಅನುದಾನಿತ ಶಾಲೆಯ ಮಗು ಇದರಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಅನುದಾನರಹಿತ ವಿಭಾಗದ ಮಗುವಿಗೆ ಇಲ್ಲ. ಕಳೆದ ವರ್ಷ ನಿಮ್ಮಲ್ಲಿ ಎಷ್ಟು ಮಕ್ಕಳು ಎನ್‌ಎಂಎಂಎಸ್ ಪಾಸಾದರು ಎಂಬ ಪ್ರಶ್ನೆ ಎಂಟರ ಪಾಠದ ಮಟ್ಟವನ್ನೂ ಹೇಳುತ್ತದೆ, ಹತ್ತರ ಫಲಿತಾಂಶ ಅದನ್ನು ಹೇಳುವುದಿಲ್ಲ.

ನವೋದಯ, ಮೊರಾರ್ಜಿ ದೇಸಾಯಿ, ಆದರ್ಶ ವಿದ್ಯಾಲಯಗಳ ಪ್ರವೇಶ ಪರೀಕ್ಷೆ ಆರನೇ ತರಗತಿಗೇ. ಎಂಟಕ್ಕೆ ಬರುವಾಗ ಆ ಮಾತು ಮುಗಿದಿರುತ್ತದೆ. ನವೋದಯದಲ್ಲಿ ಖಾಲಿ ಬಿದ್ದ ಸೀಟಿಗೆ ಒಂಬತ್ತರಲ್ಲಿ ಇನ್ನೊಂದು ಪರೀಕ್ಷೆ ಇದೆ.

ಬಸ್ಸಿನ ವಿಷಯ ಸಣ್ಣದೆಂದು ಕಾಣುತ್ತದೆ, ಸಣ್ಣದಲ್ಲ. ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು ನಿಜ. ಆದರೆ ನಮ್ಮ ಊರುಗಳ ಹೆಚ್ಚಿನ ರೂಟುಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ವಿದ್ಯಾರ್ಥಿ ರಿಯಾಯಿತಿ ಮಾತ್ರ. ವಿಶೇಷ ತರಗತಿ ಮುಗಿಯುವ ಹೊತ್ತಿಗೆ ಆ ಕಡೆಯ ಬಸ್ಸು ಉಂಟೋ, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ಸು ಬದಲಿಸಬೇಕೋ ಎಂದು ಒಂದು ಸಂಜೆ ಮಗುವಿನ ಜೊತೆ ನೀವೇ ಹೋಗಿಬನ್ನಿ. ಒಂದೂಕಾಲು ಗಂಟೆ ಮೀರಿದರೆ ಶಾಲೆ ಎಷ್ಟು ಚೆನ್ನಾಗಿದ್ದರೂ ನಾವು ಪಟ್ಟಿಯಿಂದ ತೆಗೆದೆವು.

ಹಳ್ಳಿಯಿಂದ ಪೇಟೆಗೆ ಮಗುವನ್ನು ತರುವವರು ಇನ್ನೊಂದು ಲೆಕ್ಕ ಮರೆಯುತ್ತಾರೆ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮ ಶೇ 5. ಎರಡಕ್ಕೂ ಒಂದರಿಂದ ಹತ್ತರವರೆಗಿನ ಪೂರ್ತಿ ಓದು ಬೇಕು. ಏಳರವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಮಗುವನ್ನು ಎಂಟಕ್ಕೆ ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಎರಡೂ ಹೋಗುತ್ತವೆ. ಹಾಗೆಂದು ಕಲಿಕೆ ಹಿಂದುಳಿದ ಶಾಲೆಯಲ್ಲೇ ಮಗುವನ್ನು ಇಟ್ಟುಕೊಳ್ಳಿ ಎಂದು ನಾವು ಹೇಳುವುದಿಲ್ಲ, ಮೀಸಲಾತಿ ಬಿಡುವುದಾದರೆ ತಿಳಿದೇ ಬಿಡಿ ಎಂದಷ್ಟೇ.

ಶಾಲೆ ಗಟ್ಟಿಯಾದ ಮೇಲೂ ಹಳೆಯ ಶಾಲೆಯಿಂದ ಟಿಸಿ ತರಲು ಅವಸರ ಬೇಡ. ಮಗುವಿನ ಎಸ್‌ಎಟಿಎಸ್ ಸಂಖ್ಯೆ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯದ್ದು), ಆಧಾರ್, ಜಾತಿ-ಆದಾಯ ಪ್ರಮಾಣಪತ್ರ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ರೀತಿ ಇದೆಯೇ ಎಂದು ಮೊದಲು ನೋಡಿ; ಶೆಟ್ಟಿ, ಪೂಜಾರಿ, ಡಿಸೋಜ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ಇಲ್ಲಿ ಸಾಮಾನ್ಯ. ಹಳೆಯ ಶಾಲೆಯಲ್ಲಿರುವಾಗಲೇ ತಿದ್ದಿಸುವುದು ಸುಲಭ. ಹತ್ತರ ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದ ಮೇಲೆ ಮಂಡಳಿಯವರೆಗೆ ಅಲೆಯಬೇಕು.